ಏಳನೇ ಮೈಕು ಮತ್ತು ನನ್ನ ಬಿಳಿ ಪಟ್ಟಿ

ಧ್ವನಿವರ್ಧಕದ ಕೆಲಸಕ್ಕೆ ಹೊಸದಾಗಿ ಇಳಿದವರು ನಮ್ಮ ಮನೆಗೆ ಬಂದಾಗ ಮೊದಲು ಕೇಳುವುದು, ಯಾವ ಮಿಕ್ಸರ್ ಒಳ್ಳೆಯದು ಅಂತ. ಯಾವುದನ್ನೂ ನಂಬಬೇಡಿ ಎನ್ನುತ್ತೇನೆ. ಮುದುಕನಿಗೆ ಹೊಸ ಯಂತ್ರ ಕಂಡರೆ ಆಗುವುದಿಲ್ಲ ಅಂದುಕೊಂಡು ಚಹಾ ಕುಡಿದು ಎದ್ದು ಹೋಗುತ್ತಾರೆ. ಆದರೆ ನಂಬದೆ ಇರುವುದರಲ್ಲೂ ಒಂದು ಹದ ಇದೆ. ಅದು ತಪ್ಪಿದರೆ ಏನಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಕೈಯಾರೆ ಮಾಡಿದ್ದೇನೆ. ಕೂರಿಸಿ ಹೇಳೋಣವೆಂದರೆ ಅವರಿಗೆ ಪುರಸೊತ್ತಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ.

ನಾನು ಮಲ್ಲಪ್ಪ. ನಮ್ಮಪ್ಪ ವಿಜಯಪುರದ ಕಡೆಯಿಂದ ಇಚಲಕರಂಜಿಗೆ ಮಗ್ಗದ ಕೆಲಸಕ್ಕೆ ಬಂದವನು. ಒಬ್ಬನೇ ನಾಲ್ಕು ಮಗ್ಗ ನೋಡಿಕೊಳ್ಳುತ್ತಿದ್ದ. ಆ ಗದ್ದಲದಲ್ಲೂ ಯಾವ ಮಗ್ಗದಲ್ಲಿ ಎಳೆ ಹರಿದಿದೆ ಎಂದು ಬೆನ್ನು ತಿರುಗಿಸಿಕೊಂಡೇ ಹೇಳುತ್ತಿದ್ದ. ನಮ್ಮ ಮನೆ ಮಗ್ಗದ ಶೆಡ್ಡಿನ ಗೋಡೆಗೆ ಅಂಟಿಕೊಂಡೇ ಇತ್ತು. ಮಗ್ಗ ನಡೆಯುತ್ತಿರುವಾಗ ಅವ್ವ ಮಧ್ಯಾಹ್ನ ಹಾಯಾಗಿ ನಿದ್ದೆ ಮಾಡುತ್ತಿದ್ದಳು. ಕರೆಂಟು ಹೋಗಿ ಶೆಡ್ಡು ಸುಮ್ಮನಾದರೆ ಗಾಬರಿಯಾಗಿ ಎದ್ದು ಕೂಡುತ್ತಿದ್ದಳು. ಸದ್ದು ನಿಂತರೆ ಎಲ್ಲೋ ಏನೋ ಕೆಟ್ಟಿದೆ ಎಂಬುದು ನನಗೆ ಆಗಿನಿಂದಲೇ ತಲೆಯಲ್ಲಿ ಕೂತಿದೆ.

ಕೊಲ್ಹಾಪುರದಲ್ಲಿ ಸಭೆ ಸಮಾರಂಭಗಳಿಗೆ ಮೈಕು ಬಾಡಿಗೆಗೆ ಕೊಡುವ ಒಬ್ಬರ ಕಡೆ ನಾನು ಕೆಲಸಕ್ಕೆ ಸೇರಿದೆ. ಅವರನ್ನು ನಾವೆಲ್ಲ ಮಾಲಕರು ಅಂತಲೇ ಕರೆಯುತ್ತಿದ್ದೆವು. ಸಂಶಯದ ಪ್ರಾಣಿ ಅವರು. ಹೊಸ ಬ್ಯಾಟರಿಯನ್ನೂ ನಾಲಿಗೆಗೆ ಹಚ್ಚಿ ನೋಡಿಯೇ ಕೊಡುತ್ತಿದ್ದರು. ಸಂಜೆ ನಮ್ಮ ಚೀಲ ಬಿಚ್ಚಿಸಿ ಬ್ಯಾಟರಿ ಇದೆಯೇ ಎಂದು ನೋಡುತ್ತಿದ್ದರು. ಮೊದಮೊದಲು ನನಗೆ ಅವಮಾನವಾಗುತ್ತಿತ್ತು. ಕೆಲವು ವರ್ಷ ಕಳೆದ ಮೇಲೆ ನಾನೇ ಬೇರೆಯವರ ಚೀಲ ಬಿಚ್ಚಿಸತೊಡಗಿದೆ. ಮಾಲಕರು ನನ್ನನ್ನು ಮೆಚ್ಚಿಕೊಂಡದ್ದು ಬಹುಶಃ ಅದಕ್ಕೇ ಇರಬೇಕು.

ನನ್ನ ಜೋಡಿಯಾಗಿ ಇದ್ದವನು ಸಿದ್ರಾಮ. ಗಡಿ ಭಾಗದ ಹಳ್ಳಿಯವನು, ಮನೆತನದವರು ಕುರಿ ಸಾಕಿದವರು. ಎಲ್ಲ ಮೈಕುಗಳ ಸದ್ದು ಹದ ಮಾಡುವ ಮಿಕ್ಸರಿನ ಮುಂದೆ ನಾನು ಕೂರುವುದು, ವೇದಿಕೆಯ ಮೇಲೆ ಮೈಕು, ವೈರು ನೋಡುವುದು ಅವನು, ಹೀಗೆ ಇಪ್ಪತ್ತು ವರ್ಷ ನಡೆಸಿದೆವು. ಮಿಕ್ಸರಿಗೆ ನಾವಿಬ್ಬರೂ ಟೇಬಲ್ ಅನ್ನುತ್ತಿದ್ದೆವು. ಕುರಿ ಕಾದವರ ಕಣ್ಣು ಅವನದು, ದೂರದಿಂದಲೇ ಯಾವ ದೀಪ ಹತ್ತಿದೆ, ಯಾವುದು ಆರಿದೆ ಎಂದು ಹೇಳುತ್ತಿದ್ದ. ಕುರುಂದವಾಡದಲ್ಲಿ ನೆರೆ ಇಳಿದ ಮೇಲೆ ನಡೆದ ಒಂದು ಕಾರ್ಯಕ್ರಮದಲ್ಲಿ ಸ್ಪೀಕರು ಒಂದೇ ಸಮ ಗುಂಯ್‌ಗುಡತೊಡಗಿತು. ಬೆಸುಗೆ ಸರಿಯಾಗಿ ಹಾಕಿಲ್ಲ ಅಂತ ನಾನು ಅವನನ್ನು ನಾಲ್ಕು ಜನರೆದುರು ಬೈದೆ. ಅವನು ವೈರಿನ ಗುಂಟ ಕೈಯಾಡಿಸುತ್ತ ಹೋಗಿ, ಗೋಡೆಯ ಹಸಿಗೆ ತಾಗಿದ್ದ ಒಂದು ಜಾಯಿಂಟು ಎತ್ತಿ ಹಿಡಿದ. ಸದ್ದು ನಿಂತಿತು.

"ಬೈಯೂದು ಮುಗದಿದ್ರ ಚಹಾ ಕುಡ್ಯೂಣೇನ?" ಅಂದ.

ಅವತ್ತೇ ನಾನು ಪಾಠ ಕಲಿಯಬಹುದಾಗಿತ್ತು. ಕಲಿಯಲಿಲ್ಲ.

ಆಮೇಲೆ ಡಿಜಿಟಲ್ ಮಿಕ್ಸರ್ ಬಂತು. ಹಳೆಯದರಲ್ಲಿ ಒಂದು ಮೈಕಿಗೆ ಒಂದು ಫೇಡರ್. ಫೇಡರ್ ಅಂದರೆ ಮೇಲೆ ಕೆಳಗೆ ಜಾರುವ ಗುಂಡಿ, ಏರಿಸಿದರೆ ಸದ್ದು ಏರುತ್ತದೆ. ಕಣ್ಣಿಗೆ ಕಾಣುವುದೇ ಕಿವಿಗೆ ಕೇಳುವುದು. ಹೊಸದರಲ್ಲಿ ಹಾಗಿಲ್ಲ. ಪುಟ ತಿರುಗಿಸಿದಂತೆ ಒಂದು ಬಟನ್ ಒತ್ತಿದರೆ ಅವೇ ಫೇಡರ್‌ಗಳು ಬೇರೆ ಮೈಕುಗಳದಾಗುತ್ತವೆ, ತಮ್ಮಷ್ಟಕ್ಕೆ ತಾವೇ ಸರಸರ ಓಡಿ ಬೇರೆ ಜಾಗದಲ್ಲಿ ನಿಲ್ಲುತ್ತವೆ. ಮೊದಲ ಸಲ ನೋಡಿದಾಗ ನಾನು ಕೈ ಹಿಂದಕ್ಕೆಳೆದುಕೊಂಡೆ. ಸಿದ್ರಾಮ ಬಿದ್ದು ಬಿದ್ದು ನಕ್ಕ.

ಕಲಿಸಲು ಪುಣೆಯಿಂದ ಬಂದಿದ್ದ ಹುಡುಗಿ ಜಾಣೆ. ಗುಂಪು ಮಾಡುವುದನ್ನು ಅವಳೇ ತೋರಿಸಿಕೊಟ್ಟಳು. ಎಂಟು ಮೈಕುಗಳನ್ನು ಒಂದು ಗುಂಪಿಗೆ ಸೇರಿಸಿದರೆ ಒಂದೇ ಫೇಡರಿನಿಂದ ಎಂಟರ ಸದ್ದನ್ನೂ ಏರಿಸಬಹುದು, ಇಳಿಸಬಹುದು. ಹಾಗೆಯೇ ಮ್ಯೂಟಿಗೂ ಗುಂಪು. ಮ್ಯೂಟ್ ಅಂದರೆ ಬಾಯಿ ಮುಚ್ಚಿಸುವ ಬಟನ್, ಒಂದನ್ನು ಒತ್ತಿದರೆ ಗುಂಪಿನವರೆಲ್ಲ ಗಪ್‌ಚಿಪ್. ನನಗೆ ಸರಿಕಾಣದ ಮಾತು ಮುಂದೆ ಬಂತು. ಗುಂಪಿನ ಫೇಡರ್ ಇಳಿಸಿದಾಗ ಆ ಎಂಟರ ಸ್ವಂತ ಫೇಡರ್‌ಗಳು ಅಲುಗುವುದಿಲ್ಲ, ಮೇಲೆಯೇ ನಿಂತಿರುತ್ತವೆ. ಮೇಲಾಗಿ ಒಂದೇ ಮೈಕು ಎರಡು ಮೂರು ಗುಂಪುಗಳಲ್ಲಿ ಇರಬಹುದು.

"ಹಂಗಾರ ಅದು ಯಾರ ಮಾತ ಕೇಳತೈತ್ರಿ?" ಎಂದು ಕೇಳಿದೆ. ಅವಳಿಗೆ ಕನ್ನಡ ಬರದು, ಮರಾಠಿಯಲ್ಲಿ ಮತ್ತೆ ಕೇಳಿದೆ.

"ಎಲ್ಲರ ಮಾತೂ, ಕಾಕಾ," ಅಂದಳು ಅವಳು ಮರಾಠಿಯಲ್ಲೇ.

ಎಲ್ಲರ ಮಾತು ಕೇಳುವ ಮನುಷ್ಯನನ್ನೇ ನಾನು ನಂಬಿದವನಲ್ಲ, ಇನ್ನು ಯಂತ್ರವನ್ನು ನಂಬುವುದು ಎಲ್ಲಿಯ ಮಾತು. ಮೊದಲ ತಿಂಗಳಲ್ಲೇ ಕೊಲ್ಹಾಪುರದ ಒಂದು ಕಾರ್ಯಕ್ರಮದಲ್ಲಿ ಕೋರಸ್ಸಿನ ಗುಂಪನ್ನು ಇಳಿಸಿ ಏರಿಸಲು ಮರೆತೆ. ಆರು ಹೆಣ್ಣುಮಕ್ಕಳು ಒಂದು ಚರಣ ಪೂರ್ತಿ ಬಾಯಿ ತೆರೆದು ಮುಚ್ಚಿದರು, ಒಂದಕ್ಷರವೂ ಹೊರಗೆ ಬರಲಿಲ್ಲ. ಅವರವರ ಫೇಡರ್ ಮೇಲೆಯೇ ಇತ್ತಲ್ಲ, ಹಾಗಾಗಿ ನಾನು ಕೈಸನ್ನೆ ಮಾಡಿ ಜೋರಾಗಿ ಹಾಡಿರಿ ಎಂದು ಅವರ ಮೇಲೆಯೇ ಸಿಟ್ಟು ಮಾಡಿದೆ. ತಪ್ಪು ನನ್ನದೆಂದು ಗೊತ್ತಾದದ್ದು ಮಾಲಕರು ಬಂದು ಗುಂಪಿನ ಫೇಡರನ್ನು ಬೆರಳಿನಿಂದ ಮೇಲಕ್ಕೆ ತಳ್ಳಿದಾಗ.

ಅಂದಿನಿಂದ ನಾನು ನನ್ನದೇ ಬಂದೋಬಸ್ತು ಮಾಡಿಕೊಂಡೆ. ಮಿಕ್ಸರಿನ ಸಣ್ಣ ಪರದೆಯ ಮೇಲಿನ ಹೆಸರುಗಳನ್ನು ನಂಬದೆ, ಹಳೆಯ ಪದ್ಧತಿಯಂತೆ ಅಗಲವಾದ ಬಿಳಿ ಟೇಪು ಉದ್ದಕ್ಕೆ ಅಂಟಿಸಿ ಅದರ ಮೇಲೆ ಪೆನ್ನಿನಿಂದ ಹೆಸರು ಬರೆದೆ. ಆ ಪಟ್ಟಿಯನ್ನು ಬೇಕೆಂದೇ ಪ್ರತಿ ಮೈಕಿನ ಮ್ಯೂಟ್ ಬಟನ್‌ಗಳ ಸಾಲಿನ ಮೇಲೆ ಅಂಟಿಸಿದೆ. ಸಮಾರಂಭಗಳಲ್ಲಿ ಯಾರ್‍ಯಾರೋ ಟೇಬಲಿಗೆ ಮೊಣಕೈ ಊರಿ ಮಾತಾಡುತ್ತಾರೆ, ಅವರ ಬೆರಳನ್ನು ನಂಬುವುದು ಹೇಗೆ? ಗುಂಪಿನ ಮ್ಯೂಟ್ ಬಟನ್‌ಗಳು ಮಾತ್ರ ಹೊರಗಿದ್ದವು, ಅವು ನನ್ನ ಬಲಗೈಯ ಬಳಿಯೇ ಇದ್ದವು. ಬಟನ್‌ಗಳೊಳಗಿನ ಕೆಂಪು ದೀಪಗಳೂ ಆ ಪಟ್ಟಿಯ ಕೆಳಗೆ ಮುಚ್ಚಿ ಹೋದವು. ದೀಪ ಕಾಣದಿದ್ದರೆ ಏನಾಯಿತು, ಕಿವಿ ಇದೆಯಲ್ಲ ಅಂದುಕೊಂಡೆ.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ನಮ್ಮಲ್ಲಿದ್ದ ವೈರಿಲ್ಲದ ಮೈಕುಗಳಲ್ಲಿ ಏಳನೆಯದು ಎಲ್ಲಕ್ಕಿಂತ ಒಳ್ಳೆಯದು. ನಮ್ಮ ಕಡೆಯ ರೂಢಿ ಹೀಗಿದೆ: ಒಳ್ಳೆಯ ಮೈಕು ಮೊದಲು ಮುಖ್ಯ ಅತಿಥಿಗಳ ಕೈಗೆ ಹೋಗಬೇಕು, ಅವರ ಭಾಷಣ ಮುಗಿದ ಮೇಲೆ ಹಾಡುವವರಿಗೆ. ಸಾಹೇಬರಿಗೆ ಬೇರೆ ಮೈಕು ಕೊಟ್ಟರೆ ಸಂಘಟಕರು ಮುಖ ಸಣ್ಣದು ಮಾಡುತ್ತಾರೆ. ಆದ್ದರಿಂದ ನಾನು ಭಾಷಣದ ಮ್ಯೂಟ್ ಗುಂಪಿನಲ್ಲಿ ನಾಲ್ಕು ಮೈಕು ಸೇರಿಸಿದ್ದೆ. ಪೋಡಿಯಮ್ಮಿನ ಎರಡು, ನಿರೂಪಕರದೊಂದು, ಮತ್ತು ಈ ಏಳನೆಯದು. ಭಾಷಣದ ಹೊತ್ತಿಗೆ ಅದು ಸರಿಯಾಗಿಯೇ ಇತ್ತು.

ಗಡಹಿಂಗ್ಲಜದಲ್ಲಿ ಭಜನಾ ಸ್ಪರ್ಧೆ. ಎಸ್‌ಟಿ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ದೂರದ ಮೈದಾನದಲ್ಲಿ ಮಂಟಪ ಹಾಕಿದ್ದರು. ರವಿವಾರದ ಮಧ್ಯಾಹ್ನ. ಇಚಲಕರಂಜಿಯಿಂದ ನೀಲವ್ವನ ತಂಡ ಬಂದಿತ್ತು. ನೀಲವ್ವ ಮಗ್ಗದವರ ಮನೆಯಾಕೆ, ಹಗಲೆಲ್ಲ ನೂಲು ಸುತ್ತುವ ಕೆಲಸ, ಸಂಜೆ ಹಾಡು. ದನಿ ಮಾತ್ರ ಭಾಳ ಗಟ್ಟಿ. ಮರಾಠಿ ತಂಡಗಳ ನಡುವೆ ಒಂದು ಕನ್ನಡ ಪದ ಹಾಡಲು ಅವಳು ಸಂಘಟಕರ ಒಪ್ಪಿಗೆ ಪಡೆದಿದ್ದಳು. ಶುರುವಾಗುವ ಮೊದಲು ನನ್ನ ಹತ್ತಿರ ಬಂದು, "ಮಲ್ಲಣ್ಣಾ, ನಮ್ಮ ಪದಾ ಈ ಕಡೆ ಯಾರೂ ಕೇಳಿಲ್ಲ. ಹಿಂದಿನ ಸಾಲಿಗೂ ಮುಟ್ಟಬೇಕ ನೋಡು," ಅಂದಳು. ಆಯ್ತವ್ವ ಅಂದೆ.

ಅತಿಥಿಗಳು ಏಳನೇ ಮೈಕಿನಲ್ಲಿ ಮಾತಾಡಿ ಮುಗಿಸಿದರು. ಸಿದ್ರಾಮ ಅದನ್ನು ತಂದು ನೀಲವ್ವನ ಮುಂದಿನ ಸ್ಟ್ಯಾಂಡಿಗೆ ಸಿಕ್ಕಿಸಿದ. ಎರಡು ಚರಣ ಅವಳು ಚೆಂದ ಹಾಡಿದಳು. ತಬಲಾ ಕಡಿಮೆ ಕೇಳುತ್ತಿದೆ ಎಂದು ನಾನು ಎರಡನೇ ಪುಟಕ್ಕೆ ಹೋಗಿ ಅದನ್ನು ಸರಿಮಾಡುತ್ತಿದ್ದೆ. ಅಷ್ಟರಲ್ಲಿ ಯಾರೋ ಶಾಲು ಹಾರದ ತಾಟು ಪೋಡಿಯಮ್ಮಿನ ಮೇಲಿಟ್ಟರು. ಅಲ್ಲಿಯ ಮೈಕಿನ ಕತ್ತು ತಿರುಗಿ ಸ್ಪೀಕರಿಗೆ ಎದುರಾಯಿತು, ಕೀ ಎಂದು ಕಿರುಚಿತು. ನಾನು ಬಲಗೈಯಿಂದ ಭಾಷಣದ ಗುಂಪನ್ನು ಮ್ಯೂಟ್ ಮಾಡಿದೆ. ಕಿರುಚಾಟ ನಿಂತಿತು. ನೀಲವ್ವನ ದನಿಯೂ ನಿಂತಿತು.

ಮೊದಲ ಪುಟಕ್ಕೆ ಬಂದು ನೋಡಿದೆ. ಏಳನೇ ಫೇಡರ್ ಮೇಲಿದೆ. ಗಾಯಕರ ಗುಂಪಿನ ಫೇಡರೂ ಮೇಲಿದೆ. ಪಟ್ಟಿಯ ಮೇಲೆ ನನ್ನ ಅಕ್ಷರದಲ್ಲಿ ನೀಲವ್ವ ಎಂದು ಬರೆದಿದೆ. ಟೇಬಲ್ ಸರಿಯಿದೆ, ಹಾಗಾದರೆ ಕೆಟ್ಟಿರುವುದು ವೇದಿಕೆಯ ಕಡೆ ಎಂದು ತೀರ್ಮಾನಿಸಿ ಸಿದ್ರಾಮನಿಗೆ ಸನ್ನೆ ಮಾಡಿದೆ. ಅವನು ವೇದಿಕೆಯ ಮಗ್ಗುಲಲ್ಲಿದ್ದ, ವೈರಿಲ್ಲದ ಮೈಕುಗಳ ದನಿ ಹಿಡಿಯುವ ರಿಸೀವರಿನ ಡಬ್ಬಿ ಬಗ್ಗಿ ನೋಡಿ, ನನ್ನ ಹತ್ತಿರ ಓಡಿ ಬಂದ.

"ಏಳನೇದ್ರ ದೀಪ ಹಸರ ಐತಿ. ದನಿ ಇಲ್ಲಿ ತನಕ ಬರಾಕತ್ತೈತಿ. ನಿನ್ನ ಟೇಬಲ್ ನೋಡ."

"ಟೇಬಲ್ ಸರಿ ಐತಿ. ನೀ ಡಬ್ಬಿ ನೋಡ ಹೋಗ."

"ಮಲ್ಲಪ್ಪಾ, ಒಮ್ಮೆ ನೋಡು ಅಂತೇನಿ."

"ನನಗ ಕಲಸಾಕ ಬರಬ್ಯಾಡ. ಹೋಗ."

ಹೋದ. ನೀಲವ್ವ ನಿಲ್ಲಿಸದೆ ಹಾಡುತ್ತಲೇ ಇದ್ದಳು. ತಾಳ, ತಬಲಾ, ಹಾರ್ಮೋನಿಯಂ ಎಲ್ಲ ಬೇರೆ ಮೈಕುಗಳಲ್ಲಿ ಗಟ್ಟಿಯಾಗಿ ಕೇಳುತ್ತಿದ್ದವು, ಅವುಗಳ ನಡುವೆ ಅವಳ ಬಾಯಿ ಅಲುಗುವುದಷ್ಟೇ ಕಾಣುತ್ತಿತ್ತು. ಕೊನೆಗೆ ನಿರೂಪಕರು ಏನೋ ಅಡಚಣೆ ಎಂದು ಹೇಳಲು ಪೋಡಿಯಮ್ಮಿಗೆ ಬಂದು, ಅಲ್ಲಿಯ ಮೈಕಿನ ಕತ್ತು ನೆಟ್ಟಗೆ ಮಾಡಿದರು. ಅವರ ಮೈಕು ತೆರೆಯಲು ನಾನು ಭಾಷಣದ ಗುಂಪಿನ ಮ್ಯೂಟ್ ತೆಗೆದೆ. ಅದೇ ಗಳಿಗೆಯಲ್ಲಿ ಸಿದ್ರಾಮ ಎರಡನೇ ಸಲ ಡಬ್ಬಿಯ ಮೇಲೆ ಕೈಯಿಟ್ಟಿದ್ದ. ನೀಲವ್ವನ ದನಿ ಮೈದಾನದ ತುಂಬ ಕೇಳಿತು, ಪದದ ಕೊನೆಯ ಸಾಲು ಮಾತ್ರ.

ಅವನು ಕೈಯಿಟ್ಟ, ದನಿ ಬಂತು. ನನ್ನ ಕಣ್ಣಿಗೆ ಬಿದ್ದದ್ದು ಅಷ್ಟೇ. ನನ್ನ ಬೆರಳು ಅದೇ ಹೊತ್ತಿಗೆ ಏನು ಮಾಡುತ್ತಿತ್ತು ಎಂಬುದು ತಲೆಗೆ ಬರಲಿಲ್ಲ.

ಬಹುಮಾನ ಕುರುಂದವಾಡದ ತಂಡಕ್ಕೆ ಹೋಯಿತು. ಆ ತಂಡದಲ್ಲಿ ತಬಲಾ ನುಡಿಸುತ್ತಿದ್ದವನು ಸಿದ್ರಾಮನ ಹೆಂಡತಿ ಪಾರವ್ವನ ತಮ್ಮ. ಅದು ನನಗೆ ಮೊದಲೇ ಗೊತ್ತಿತ್ತು. ಆದರೆ ಗೊತ್ತಿದ್ದದ್ದು ಆ ದಿನ ಬೇರೆಯೇ ಬಣ್ಣ ಪಡೆಯಿತು. ಬೆಳಿಗ್ಗೆ ಅವನು ಭಾವಮೈದುನನ ಜೊತೆ ನಿಂತು ನಗುತ್ತಿದ್ದದ್ದು, ಏಳನೇ ಮೈಕನ್ನು ತಾನೇ ಕೈಯಾರೆ ತಂದು ಸಿಕ್ಕಿಸಿದ್ದು, ಡಬ್ಬಿಯಿಂದ ದೂರ ಸರಿಯದಿದ್ದದ್ದು, ಎಲ್ಲ ಒಂದಕ್ಕೊಂದು ಸೇರಿಕೊಂಡವು. ಸಂಶಯ ಒಂದು ಸಲ ಒಳಗೆ ಬಂದರೆ ತನಗೆ ಬೇಕಾದ ಸಾಮಾನನ್ನೆಲ್ಲ ತಾನೇ ಒಟ್ಟುಮಾಡಿಕೊಳ್ಳುತ್ತದೆ.

"ಕೋಣೀ ಕೇಲಂ ಹೇ?" ಮಾಲಕರು ಕೇಳಿದರು, ಯಾರು ಮಾಡಿದ್ದು ಅಂತ.

ಗೊತ್ತಿಲ್ಲ ಅನ್ನಬಹುದಿತ್ತು. ನಾನು ಕಂಡದ್ದನ್ನು ಹೇಳಿದೆ, ಅವನ ಭಾವಮೈದುನನ ಸಂಗತಿಯನ್ನೂ ಸೇರಿಸಿ ಹೇಳಿದೆ. ಮರುದಿನ ಮಾಲಕರು ಸಿದ್ರಾಮನಿಗೆ ಇನ್ನು ಬರಬೇಡ ಅಂದರು. ಅವನು ಜಗಳ ಮಾಡಲಿಲ್ಲ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ನನಗೆ ಮಾತ್ರ ಕೇಳುವಂತೆ, "ಟೇಬಲ್ ಒಮ್ಮೆ ನೋಡಬೇಕಾಗಿತ್ತು ನೀ," ಅಂದ. ಕಳ್ಳನಿಗೆ ಇಷ್ಟು ಧೈರ್ಯವೇ ಎಂದುಕೊಂಡೆ ನಾನು.

ಸುದ್ದಿ ಇಚಲಕರಂಜಿಗೆ ನಮಗಿಂತ ಮೊದಲೇ ಮುಟ್ಟಿತ್ತು. ಸಿದ್ರಾಮನ ಮನೆ, ನೀಲವ್ವನ ಮನೆ ಒಂದೇ ಓಣಿಯಲ್ಲಿ. ನಳದ ಸರದಿಯಲ್ಲಿ ಪಾರವ್ವ ಬಂದು ನಿಂತರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರಂತೆ. ನಮ್ಮ ಭಾಷೆಯ ಪದವನ್ನು ನಮ್ಮವನೇ ಹಾಳು ಮಾಡಿದ ಎಂಬ ಮಾತು ಹಬ್ಬಿತು. ಸಿದ್ರಾಮ ಬಿದ್ರಿಯ ಹತ್ತಿರ ಒಂದು ಆಲೆಮನೆಗೆ ಕೆಲಸಕ್ಕೆ ಹೋದ, ಬೆಲ್ಲದ ಕೊಪ್ಪರಿಗೆಗೆ ಉರಿ ಹಾಕುವ ಕೆಲಸ. ನಾನು ಆರಾಮಾಗಿದ್ದೆ. ಬೇರೆಯವರನ್ನು ವೇದಿಕೆಗೆ ಹಾಕಿಕೊಂಡು, ಅವರ ಮೇಲೂ ಒಂದು ಕಣ್ಣಿಟ್ಟು ಕೆಲಸ ಮಾಡುತ್ತಿದ್ದೆ.

ಕೆಲವು ತಿಂಗಳ ನಂತರ ಇಚಲಕರಂಜಿಯ ಒಂದು ಸಭಾಭವನದಲ್ಲಿ ನೀಲವ್ವನ ಹಾಡಿತ್ತು. ಅದೇ ಟೇಬಲ್, ಅದೇ ಏಳನೇ ಮೈಕು. ಹಾಡಿನ ನಡುವೆ ಪೋಡಿಯಮ್ ಗುಂಯ್ ಅಂದಿತು. ನಾನು ಭಾಷಣದ ಗುಂಪನ್ನು ಒತ್ತಿದೆ. ನೀಲವ್ವನ ದನಿ ನಿಂತಿತು.

ವೇದಿಕೆಯ ಮಗ್ಗುಲು ನೋಡಿದೆ. ಡಬ್ಬಿಯ ಹತ್ತಿರ ಯಾರೂ ಇರಲಿಲ್ಲ. ಮಗ್ಗ ನಿಂತಾಗ ಅವ್ವನಿಗೆ ಹೇಗೆ ಆಗುತ್ತಿತ್ತು ಎಂಬುದು ನನಗೆ ಆಗ ತಿಳಿಯಿತು. ಬೆರಳು ಇನ್ನೂ ಬಟನ್ನಿನ ಮೇಲೆಯೇ ಇತ್ತು. ಮತ್ತೆ ಒತ್ತಿದೆ, ದನಿ ಬಂತು.

ಆಗಲೂ ನನ್ನ ಬುದ್ಧಿ ನೆಟ್ಟಗಾಗಲಿಲ್ಲ ಎಂಬುದನ್ನು ಬರೆಯದಿದ್ದರೆ ಇದೆಲ್ಲ ಬರೆದು ಉಪಯೋಗವಿಲ್ಲ. ಸಿದ್ರಾಮ ಬಿಟ್ಟು ಹೋಗುವ ಮುಂಚೆ ಟೇಬಲಿನೊಳಗೆ ಏನೋ ಮಾಡಿಟ್ಟು ಹೋಗಿದ್ದಾನೆ ಎಂದೇ ಮೊದಲು ಅನ್ನಿಸಿತು. ಊಟದ ವೇಳೆಯಲ್ಲಿ ಸಭಾಭವನ ಖಾಲಿಯಾದಾಗ ನನ್ನ ನೋಟ್‌ಬುಕ್ ತೆಗೆದೆ. ಭಾಷಣದ ಗುಂಪು: ಪೋಡಿಯಂ ಒಂದು, ಪೋಡಿಯಂ ಎರಡು, ನಿರೂಪಕರು, ಏಳು. ನನ್ನದೇ ಅಕ್ಷರ. ಬಿಳಿ ಪಟ್ಟಿಯ ತುದಿ ಹಿಡಿದು ಕಿತ್ತೆ. ಗುಂಪಿನ ಬಟನ್ ಒತ್ತಿದರೆ ಏಳರ ದೀಪ ಕೆಂಪಗೆ ಹತ್ತುತ್ತದೆ, ಇನ್ನೊಮ್ಮೆ ಒತ್ತಿದರೆ ಆರುತ್ತದೆ. ಯಂತ್ರ ಅಂದು ಗಡಹಿಂಗ್ಲಜದಲ್ಲೂ ನನಗೆ ನಿಜವನ್ನೇ ಹೇಳಿತ್ತು. ನಾನು ಅದರ ಮೇಲೆ ಟೇಪು ಹಚ್ಚಿ ಕೂತಿದ್ದೆ.

ಮಾಲಕರಿಗೆ ಹೇಳಿದೆ. "ಆತಾ ಕಾಯ್ ಉಪಯೋಗ? ಗಪ್ಪ ಬಸ್," ಅಂದರು. ಈಗ ಹೇಳಿ ಏನು ಪ್ರಯೋಜನ, ಸುಮ್ಮನಿರು ಎಂದು. ಅವರಿಗೆ ಹೆಸರು ಕೆಡುವ ಭಯ. ನನಗೂ ಅದೇ ಬೇಕಾಗಿತ್ತು, ಎರಡು ಮೂರು ವಾರ ಸುಮ್ಮನೇ ಇದ್ದೆ. ಅಷ್ಟು ದಿನ ನನಗೆ ಅನ್ನ ಸೇರಲಿಲ್ಲ ಎಂದರೆ ಸುಳ್ಳಾಗುತ್ತದೆ, ಚೆನ್ನಾಗಿಯೇ ಉಂಡೆ. ನಾಚಿಕೆ ಮಾತ್ರ ಒಳಗೊಳಗೇ ಬೆಳೆಯುತ್ತಿತ್ತು. ಒಂದು ಬೆಳಿಗ್ಗೆ ಎಸ್‌ಟಿ ಹತ್ತಿ ಬಿದ್ರಿಗೆ ಹೋದೆ.

ಆಲೆಮನೆಯ ಒಲೆಯ ಮುಂದೆ ಸಿದ್ರಾಮ ಕಬ್ಬಿನ ಒಣ ಸಿಪ್ಪೆ ತಳ್ಳುತ್ತಿದ್ದ. ಹುಬ್ಬು ಸುಟ್ಟು ಹೋಗಿತ್ತು. ನಾನು ನಿಂತೇ ಎಲ್ಲ ಹೇಳಿದೆ, ಪಟ್ಟಿಯ ವಿಷಯವನ್ನೂ, ನೋಟ್‌ಬುಕ್ಕಿನ ವಿಷಯವನ್ನೂ. ತಪ್ಪಾಯಿತು ಅಂದೆ. ಅವನು ಉರಿ ನೋಡುತ್ತಲೇ ಕೇಳಿದ.

"ಇದನ್ನ ನನಗ ಹೇಳಾಕ ಇಲ್ಲಿ ತನಕ ಬಂದೇನ? ನನಗ ಅವತ್ತ ಗೊತ್ತಿತ್ತಲ್ಲೊ. ಗೊತ್ತಿಲ್ಲದವರಿಗೆ ಹೇಳ ಹೋಗ."

ಚಹಾ ಕುಡಿ ಎಂದೂ ಅನ್ನಲಿಲ್ಲ.

ಅದೇ ವಾರ ನೀಲವ್ವನ ಓಣಿಗೆ ಹೋದೆ. ಸಂಜೆ ಹೆಂಗಸರೆಲ್ಲ ತಾಲೀಮಿಗೆ ಕೂಡಿದ್ದರು. ಇಪ್ಪತ್ತು ವರ್ಷ ಬೇರೆಯವರ ದನಿಯನ್ನು ಊರಿಗೆಲ್ಲ ಮುಟ್ಟಿಸಿದವನು ನಾನು, ಅಲ್ಲಿ ಮೈಕಿಲ್ಲದೆ ಎಲ್ಲರ ಮುಂದೆ ನಿಂತೆ. ಪದ ನಿಂತದ್ದು ನನ್ನ ಕೈಯಿಂದ, ಸಿದ್ರಾಮನದು ಏನೂ ತಪ್ಪಿಲ್ಲ ಎಂದೆ.

"ಅವಾ ನಿನ್ನ ಕಡೆ ಓಡಿ ಬಂದಿದ್ದ. ನಾ ಮ್ಯಾಲಿಂದ ನೋಡೇನಿ," ಅಂದಳು ನೀಲವ್ವ. "ಏನ ಹೇಳಿದ್ದ?"

"ಟೇಬಲ್ ನೋಡು ಅಂದಿದ್ದ."

"ಮತ್ತ ನೀ ಯಾಕ ನೋಡ್ಲಿಲ್ಲ?"

ನೀಲವ್ವ ಉತ್ತರಕ್ಕೆ ಕಾಯದೆ ಎದ್ದು ಹೋಗಿ ಪಾರವ್ವನ ಬಾಗಿಲು ತಟ್ಟಿದಳು, ಬಾಗಿಲು ತೆರೆಯಲು ಬಹಳ ಹೊತ್ತಾಯಿತು.

ಸಿದ್ರಾಮನನ್ನು ವಾಪಸ್ಸು ಕರೆಯಲು ಮಾಲಕರು ಒಪ್ಪಿದರು, ಅವನು ಒಪ್ಪಲಿಲ್ಲ. ನಾನು ಕೆಲಸ ಬಿಡುವ ವರ್ಷ ಗಡಹಿಂಗ್ಲಜದ ಅದೇ ಮೈದಾನದಲ್ಲಿ ಮತ್ತೆ ಭಜನೆ ಇತ್ತು. ಅದೇ ನನ್ನ ಕೊನೆಯ ಕೆಲಸ. ಮಧ್ಯಾಹ್ನ ನೀಲವ್ವ ಏಳನೇ ಮೈಕಿನಲ್ಲಿ ದನಿ ಪರೀಕ್ಷೆ ಮಾಡುತ್ತಿದ್ದಾಗ ಯಾರೋ ನನ್ನ ಮಗ್ಗುಲಲ್ಲಿ ಬಂದು ನಿಂತರು. ತಲೆಯೆತ್ತಿದರೆ ಸಿದ್ರಾಮ. ನೀಲವ್ವನ ತಂಡದವರ ಜೊತೆ ಪಾರವ್ವನೂ ಬಂದಿದ್ದಳು.

"ಯಾವದದು?" ಅಂದ.

ಭಾಷಣದ ಗುಂಪಿನ ಬಟನ್ ತೋರಿಸಿದೆ. ಒತ್ತಿದ. ನೀಲವ್ವ ಹಾಡುತ್ತಲೇ ಇದ್ದಳು.

"ನಿಲ್ಲಲಿಲ್ಲಲ್ಲ?"

"ಏಳನ್ನ ಗುಂಪಿನಿಂದ ತೆಗದೇನಿ."

"ಅವತ್ತ ಹೆಂಗಿತ್ತೋ ಹಂಗ ಮಾಡಿ ತೋರಸ."

ಗುಂಪಿನ ಮ್ಯೂಟ್ ತೆಗೆದು ಏಳನ್ನು ಮತ್ತೆ ಅದಕ್ಕೆ ಸೇರಿಸಿದೆ. ಅವನು ಒತ್ತಿದ. ನೀಲವ್ವನ ದನಿ ಒಂದು ಮಾತಿನ ನಡುವೆಯೇ ಕಡಿದು ಹೋಯಿತು. ಅವಳು ಡಬ್ಬಿಯ ಕಡೆ ತಿರುಗಲಿಲ್ಲ, ನೇರವಾಗಿ ಟೇಬಲಿನ ಕಡೆ ನೋಡಿದಳು. ಪಕ್ಕದಲ್ಲಿದ್ದ ಪಾರವ್ವನೂ ಅಲ್ಲೇ ನೋಡಿದಳು. ಸಿದ್ರಾಮ ಬೆರಳು ತೆಗೆಯದೆ ಆ ಕೆಂಪು ದೀಪವನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತ. ಬೆಂಕಿಯ ಮುಂದೆ ಕೆಲಸ ಮಾಡಿ ಅವನ ಬೆರಳ ತುದಿ ಕಪ್ಪಾಗಿತ್ತು.

"ಇಷ್ಟನ?" ಅಂದ.

"ಇಷ್ಟ," ಅಂದೆ.

ಮತ್ತೆ ಒತ್ತಿ ಮ್ಯೂಟ್ ತೆಗೆದ. ಏಳನ್ನು ಗುಂಪಿನಿಂದ ಮತ್ತೆ ಹೊರಗೆ ತೆಗೆದೆ, ತೆಗೆದೆ ಅಂತ ಬಾಯಿಬಿಟ್ಟು ಹೇಳಿದೆ. ಅವನು ಪರದೆ ನೋಡಿದ, ನನ್ನ ಮುಖ ನೋಡಿದ. ಆಮೇಲೆ ತಾನೇ ಇನ್ನೊಮ್ಮೆ ಒತ್ತಿ, ನೀಲವ್ವನ ದನಿ ನಿಲ್ಲುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು, ಹೋಗಿ ಹಿಂದಿನ ಸಾಲಿನಲ್ಲಿ ಕೂತ.